ಡಾಕ್ಟರ ಅಕ್ಷರ ಓದುತ್ತಿದ್ದ ಕಾಂಪೌಂಡರ್

ಡಾಕ್ಟರ ಅಕ್ಷರ ಹೀಗಿರುತ್ತಿತ್ತು: ಚೀಟಿಯ ಎಡತುದಿಯಿಂದ ಒಂದು ಗೆರೆ ಭಾರೀ ಉತ್ಸಾಹದಿಂದ ಹೊರಡುತ್ತಿತ್ತು, ದಾರಿಯಲ್ಲಿ ಎರಡು ಕಡೆ ಎಡವುತ್ತಿತ್ತು, ಬಲತುದಿ ಕಾಣುವಷ್ಟರಲ್ಲಿ ಸುಸ್ತಾಗಿ ಮಲಗಿಬಿಡುತ್ತಿತ್ತು. ಅದರ ಕೆಳಗೆ ಅಂಥದೇ ಇನ್ನೊಂದು ಗೆರೆ. ಮೊದಲನೆಯದು ಜ್ವರದ ಮಾತ್ರೆ, ಎರಡನೆಯದು ಕೆಮ್ಮಿನ ಔಷಧಿ ಎಂದು ಹೇಳಬಲ್ಲವರು ಇಡೀ ಊರಿನಲ್ಲಿ ಇಬ್ಬರೇ. ಒಬ್ಬರು ಬರೆದ ಡಾಕ್ಟರು, ಇನ್ನೊಬ್ಬ ಹಿಂದಿನ ಕೋಣೆಯ ಕಿಟಕಿಯಲ್ಲಿ ಕೂತ ಕಾಂಪೌಂಡರ್. ಡಾಕ್ಟರ ವಿಷಯದಲ್ಲಿ ಅದೂ ಅಷ್ಟು ಖಾತ್ರಿಯಿಲ್ಲ. ಎಷ್ಟೋ ಸಲ ಅವರೇ ಹಳೆಯ ಚೀಟಿಯೊಂದನ್ನು ಹಿಡಿದು ಕಿಟಕಿಯವರೆಗೆ ಬಂದದ್ದುಂಟು.

"ಏನಯ್ಯಾ ಇದು? ಏನು ಬರ್ದಿದೀನಿ ನಾನಿಲ್ಲಿ?"

"ಹೊಟ್ಟೆ ಉರಿಗೆ ಸರ್. ಊಟಕ್ಕೆ ಮುಂಚೆ ಒಂದು."

"ಹೌದಾ? ಪರವಾಗಿಲ್ವೇ, ಒಳ್ಳೇ ಔಷಧೀನೇ ಕೊಟ್ಟಿದೀನಿ."

ಬೇರೆ ಔಷಧಿ ಅಂಗಡಿಯವರು ಆ ಚೀಟಿಯನ್ನು ತಿರುಗಿಸಿ ನೋಡಿ, ಬೆಳಕಿಗೆ ಹಿಡಿದು ನೋಡಿ, ಕೊನೆಗೆ ಕೈಮುಗಿದು "ಅಲ್ಲೇ ಹೋಗಿ ತಗೊಳ್ಳಿ" ಎಂದು ಸಾಗಹಾಕುತ್ತಿದ್ದರು. ಜನ ಕಾಂಪೌಂಡರನಿಗೆ 'ಅರ್ಧ ಡಾಕ್ಟರು' ಎಂದು ಹೆಸರಿಟ್ಟಿದ್ದರು. ಅವನ ಹೆಂಡತಿಗೆ ಈ ಲೆಕ್ಕ ಒಪ್ಪಿಗೆಯಿರಲಿಲ್ಲ. "ನಿಂತು ಕಾಲು ನೋಯಿಸ್ಕೊಳ್ಳೋ ಅರ್ಧ ನಿಮ್ದು. ಕೂತು ಸಂಪಾದಿಸೋ ಅರ್ಧ ಅವರ್ದು" ಎನ್ನುತ್ತಿದ್ದಳು.

ಅವನು ಈ ಕೆಲಸಕ್ಕೆ ಓದಿ ಬಂದವನಲ್ಲ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಖಾಲಿ ಬಾಟಲಿ ತೊಳೆಯಲು ಸೇರಿಕೊಂಡವನು. ಡಾಕ್ಟರೇ ಮಧ್ಯಾಹ್ನದ ಬಿಡುವಿನಲ್ಲಿ ಒಂದೊಂದು ಡಬ್ಬಿ ಕೈಗೆ ಕೊಟ್ಟು, ಹೆಸರು ಹೇಳಿಸಿ, ಯಾವುದು ಯಾತಕ್ಕೆ, ಎಷ್ಟು ಕೊಟ್ಟರೆ ಗುಣ, ಎಷ್ಟು ಕೊಟ್ಟರೆ ಹೆಣ ಎಂದು ಕಲಿಸಿದ್ದರು. ಹಾಗೆ ಮೂವತ್ತನಾಲ್ಕು ವರ್ಷ. ನಡುವೆ ಕ್ಲಿನಿಕ್ಕಿನ ಫ್ಯಾನು, ನಲ್ಲಿ, ಸಿರಿಂಜು ಕುದಿಸುವ ಪಾತ್ರೆ, ಡಾಕ್ಟರ ಸ್ಕೂಟರು, ಇವೆಲ್ಲಕ್ಕೂ ಅವನೇ ವೈದ್ಯನಾದ. ಕೆಟ್ಟದ್ದನ್ನು ಕೆಟ್ಟ ಹಾಗೇ ಬಿಟ್ಟು ಮನೆಗೆ ಹೋದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಡಾಕ್ಟರು ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಮಗಳೂ ಡಾಕ್ಟರೇ. ಹನ್ನೊಂದು ವರ್ಷ ದೊಡ್ಡ ಆಸ್ಪತ್ರೆಯಲ್ಲಿದ್ದವಳು, ಅಪ್ಪನ ಕುರ್ಚಿ ಖಾಲಿಯಿರಬಾರದೆಂದು ಬಂದು ಕೂತಳು. ಚಿಕ್ಕಂದಿನಲ್ಲಿ ಇದೇ ಕಾಂಪೌಂಡರ್ ಕೊಟ್ಟ ಸಿಹಿ ಸಿರಪ್ಪನ್ನು ಬೆರಳಲ್ಲಿ ನೆಕ್ಕಿ ಬೆಳೆದ ಹುಡುಗಿ ಅವಳು. ಅವನನ್ನು ಮಾಮ ಎಂದೇ ಕರೆಯುತ್ತಿದ್ದಳು. ಮೊದಲ ದಿನ ಒಂದು ಚೀಟಿ ಬರೆದು ಕೇಳಿದಳು:

"ಮಾಮ, ನನ್ನ ಅಕ್ಷರ ಓದಕ್ಕಾಗುತ್ತಾ?"

"ಆಗ್ದೇ ಏನಮ್ಮ? ಅಪ್ಪಂದೇ ಅಚ್ಚು!"

ಅವನು ಹೊಗಳಿದ್ದ. ಅವಳ ಮುಖ ಮಾತ್ರ ಚಿಕ್ಕದಾಯಿತು. "ಅದೇ ತೊಂದ್ರೆ ಮಾಮ. ಮೂಗು ಅಪ್ಪಂದು, ಇರ್ಲಿ. ಅಕ್ಷರ ಬೇಡ." ಮುಂದಿನ ಶನಿವಾರ ಕ್ಲಿನಿಕ್ಕಿಗೆ ಒಂದು ಕಂಪ್ಯೂಟರೂ ಒಂದು ಹೊಸ ವೈಫೈ ರೌಟರೂ ಒಂದು ವೈರ್‌ಲೆಸ್ ಪ್ರಿಂಟರೂ ಬಂದವು.

ಅವಳ ಯೋಚನೆ ಸರಳವಾಗಿತ್ತು. ತನ್ನ ಕೋಣೆಯಲ್ಲಿ ಕೂತು ಅವಳು ಟೈಪು ಮಾಡಬೇಕು, ರೋಗಿ ಎದ್ದು ಓಣಿ ಸುತ್ತಿ ಔಷಧಿ ಕಿಟಕಿಗೆ ಬರುವಷ್ಟರಲ್ಲಿ ಅಲ್ಲಿ ಚೀಟಿ ಅಚ್ಚಾಗಿ ಬಿದ್ದಿರಬೇಕು. ಅಡ್ಡ ಬಂದದ್ದು ನಡುವಿನ ಕೋಣೆ. ಒಂದು ಕಾಲದಲ್ಲಿ ಅದು ಎಕ್ಸ್‌ರೇ ಕೋಣೆ. ಯಂತ್ರ ಗುಜರಿಗೆ ಹೋಗಿ ಹನ್ನೆರಡು ವರ್ಷವಾದರೂ ಗೋಡೆಯೊಳಗಿನ ಸೀಸದ ತಗಡು ಹಾಗೇ ಇತ್ತು. ಅದನ್ನು ದಾಟಿ ವೈಫೈ ಬರುವುದಿರಲಿ, ಫೋನು ಹಿಡಿದು ಒಳಗೆ ಹೋದವರು ಅರ್ಧ ಮಾತಿಗೇ ಹೊರಗೆ ಓಡಿಬರುತ್ತಿದ್ದರು. ನೋಡಲು ಬಂದ ಮೆಕ್ಯಾನಿಕ್ ಗೋಡೆ ತಟ್ಟಿ, "ಇದು ಗೋಡೆ ಅಲ್ಲ ಮೇಡಂ, ಕೋಟೆ" ಎಂದ. ಹೊಸ ರೌಟರಿನಿಂದ ಓಣಿಯ ಸೂರಿನಲ್ಲಿ ಒಂದು ತಂತಿ ಎಳೆದು, ಗೋಡೆಯ ಆಚೆ ಹಳೆಯ ರೌಟರೊಂದನ್ನು ಇಟ್ಟರೆ ಅದು ಅಲ್ಲಿಂದ ವೈಫೈ ಹಂಚುತ್ತದೆ ಎಂದೂ ಹೇಳಿದ. ತಂತಿಯನ್ನು ನೇರವಾಗಿ ಪ್ರಿಂಟರಿಗೇ ಕೊಡಬಾರದೇ ಎಂದು ಕಾಂಪೌಂಡರ್ ಕೇಳಿದ್ದಕ್ಕೆ, ಈ ಪ್ರಿಂಟರಿಗೆ ಅಂಥ ಕಿಂಡಿಯೇ ಇಲ್ಲ, ಇದು ಗಾಳಿಯಲ್ಲೇ ಮಾತಾಡುವ ಜಾತಿ ಎಂದ. ಆಮೇಲೆ ಬರುತ್ತೇನೆಂದು ಹೋದವನು ಸೋಮವಾರವೂ ಬರಲಿಲ್ಲ, ಮಂಗಳವಾರವೂ ಬರಲಿಲ್ಲ.

"ಹಳೇ ರೌಟರ್ ಬೀರುವಿನಲ್ಲೇ ಇದೆ. ನಿಮ್ಮ ಕೈಲಿ ಆಗುತ್ತೇನೋ ನೋಡಿ ಮಾಮ" ಎಂದಳು ಅವಳು. ಸ್ವಲ್ಪ ತಡೆದು, ಕಣ್ಣು ತಪ್ಪಿಸಿ ಮುಂದುವರಿಸಿದಳು. "ಇದು ಆಯ್ತು ಅಂದ್ರೆ ಒಂದನೇ ತಾರೀಖಿಂದ ಫಾರ್ಮಸಿ ಕೋರ್ಸ್ ಮುಗಿಸಿರೋ ಒಬ್ಬರನ್ನ ತಗೋತೀನಿ. ನೀವೂ ಎಷ್ಟು ದಿನ ಅಂತ ನಿಂತ್ಕೊಂಡೇ ಇರ್ತೀರಿ? ತಿಂಗಳು ತಿಂಗಳು ನಿಮ್ಮ ಮನೆಗೆ ಬರ್ಬೇಕಾದ್ದು ಬರುತ್ತೆ, ಅದರ ಯೋಚ್ನೆ ಬೇಡ."

"ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ಶನಿವಾರ ಸಂಜೆಯೊಳಗೆ ಪ್ರಿಂಟರ್ ವಾಪಸ್. ಆಮೇಲೆ ಅಂಗಡಿಯವನು ತಗೊಳಲ್ಲ. ನಾನು ಬರೀತೀನಿ, ನೀವು ಓದಿ. ಇನ್ಯಾರಿಗೆ ಆ ಶಿಕ್ಷೆ ಕೊಡ್ಲಿ?"

ಹೀಗೆ ಕಾಂಪೌಂಡರನ ಕೈಗೆ ಒಂದು ಹಳೆಯ ರೌಟರೂ ಅವನದೇ ಹಣೆಬರಹವೂ ಒಟ್ಟಿಗೆ ಬಂದವು. ಕೆಟ್ಟದ್ದನ್ನು ಸರಿಮಾಡಿದರೆ ಕಿಟಕಿ ಹೋಗುತ್ತದೆ. ಸರಿಮಾಡದಿದ್ದರೆ ಉಳಿಯುತ್ತದೆ.

ಇಷ್ಟೇ ಆಗಿದ್ದರೆ ಅವನು ಕಣ್ಣುಮುಚ್ಚಿ ಕಿಟಕಿಯನ್ನೇ ಆರಿಸಿಕೊಳ್ಳುತ್ತಿದ್ದ. ಆದರೆ ಆ ಕಿಟಕಿಯಲ್ಲಿ ಏನು ನಡೆದಿತ್ತೆಂದು ಅವನೊಬ್ಬನಿಗೆ ಗೊತ್ತಿತ್ತು.

ಡಾಕ್ಟರ ಕೊನೆಯ ವರ್ಷ. ಒಂದು ಬೆಳಿಗ್ಗೆ ಕಾಲಿನ ಗಾಯದವನೊಬ್ಬ ಕುಂಟುತ್ತಾ ಕಿಟಕಿಗೆ ಬಂದ. ಚೀಟಿಯಲ್ಲಿ ಕೆಮ್ಮಿನ ಔಷಧಿ ಇತ್ತು. ಕಾಂಪೌಂಡರ್ ಚೀಟಿ ನೋಡಿದ, ಕಾಲು ನೋಡಿದ, ಮಾತಾಡದೆ ಮುಲಾಮು ಕೊಟ್ಟು ಕಳಿಸಿದ. ಮರುವಾರ ಅಂಥವು ಎರಡು. ಎರಡು ತಿಂಗಳಲ್ಲಿ ದಿನಕ್ಕೆ ನಾಲ್ಕೈದು. ಡಾಕ್ಟರ ನೆನಪು ಒಂದೊಂದೇ ಇಟ್ಟಿಗೆ ಕಳಚುತ್ತಿತ್ತು. ಹೇಳುವುದಾದರೆ ಯಾರಿಗೆ ಹೇಳಬೇಕು? ಬಾಟಲಿ ತೊಳೆಯುವವನನ್ನು ಮನುಷ್ಯನನ್ನಾಗಿ ಮಾಡಿದವರ ತಲೆ ಕೆಟ್ಟಿದೆ ಎಂದು ಊರಿಗೆ ಸಾರುವುದೇ? ಉಂಡ ಮನೆಗೆ ಎರಡು ಬಗೆಯುವ ಜಾಯಮಾನ ಅವನದಲ್ಲ. ಚೀಟಿ ಕೈಗೆ ಬರುವ ಮುಂಚೆಯೇ "ಏನು ತೊಂದ್ರೆ?" ಎಂದು ಕೇಳಿಕೊಂಡು, ಆಮೇಲೆ ಓದಿದಂತೆ ನಟಿಸಿ, ತನಗೆ ತೋಚಿದ್ದನ್ನು ಕೊಡತೊಡಗಿದ. ಜನ ಗುಣವಾಗುತ್ತಲೂ ಇದ್ದರು. ಅರ್ಧ ಡಾಕ್ಟರು ಮುಕ್ಕಾಲು ಡಾಕ್ಟರಾದ ಸಣ್ಣದೊಂದು ಖುಷಿಯೂ ಅದರಲ್ಲಿ ಇತ್ತೆಂಬುದನ್ನು ಅವನು ತನ್ನಿಂದ ತಾನೇ ಮುಚ್ಚಿಟ್ಟುಕೊಂಡಿದ್ದ.

ಹೀಗಿರುವಾಗ ಗಡಿಯಾರ ರಿಪೇರಿಯವನ ಹೆಂಡತಿ ಒಂದು ದಿನ ಬಂದಳು. ಸಕ್ಕರೆ ಕಾಯಿಲೆಗೆ ಆರು ವರ್ಷದಿಂದ ದಿನಕ್ಕೆ ಎರಡು ಮಾತ್ರೆ ನುಂಗುತ್ತಿದ್ದವಳು. ಆ ದಿನದ ಚೀಟಿ ನೋಡಿ ಕಾಂಪೌಂಡರ್ ಬೆಚ್ಚಿಬಿದ್ದ. ಅದನ್ನು ಯಾರು ಬೇಕಾದರೂ ಓದಬಹುದಿತ್ತು. ಶಾಲೆಯ ಮಕ್ಕಳು ಬರೆದಂತೆ ಬಿಡಿಬಿಡಿಯಾಗಿ, ಗುಂಡಗೆ: ಅರ್ಧ ಮಾತ್ರೆ, ಬೆಳಿಗ್ಗೆ ಮಾತ್ರ. ಕೆಳಗೆ ಎರಡು ಗೆರೆ.

ಮೂವತ್ತಮೂರು ವರ್ಷ ಆ ಕೈಯ ಸೊಟ್ಟ ಗೆರೆಗಳನ್ನು ನಂಬಿದವನು ಅದೇ ಕೈ ನೆಟ್ಟಗೆ ಬರೆದದ್ದನ್ನು ನಂಬಲಿಲ್ಲ. ಇದು ನಮ್ಮ ಡಾಕ್ಟರ ಅಕ್ಷರವೇ ಅಲ್ಲ, ತಲೆ ಪೂರ್ತಿ ಹೋಯಿತು ಎಂದುಕೊಂಡ.

"ಡಾಕ್ಟರು ಕಮ್ಮಿ ಮಾಡಿದೀನಿ ಅಂದಂಗಿತ್ತು ಅಣ್ಣ" ಎಂದಳು ಅವಳು, ಸೆರಗು ಸರಿಮಾಡಿಕೊಳ್ಳುತ್ತಾ. ಕುಪ್ಪಸದ ತೋಳು ಸಡಿಲವಾಗಿ ಜೋಲುತ್ತಿತ್ತು. ಅವಳು ಎಷ್ಟು ಇಳಿದುಹೋಗಿದ್ದಾಳೆಂದು ಅವನು ಆಮೇಲೆ ನೆನಪಿಸಿಕೊಂಡ, ಆಗ ನೋಡಲಿಲ್ಲ.

"ಇಲ್ಲಮ್ಮ. ಯಾವತ್ತಿನ ಹಾಗೇ ಎರಡು ತಗೋ."

"ಸರಿ ಅಣ್ಣ. ನೀವು ಹೇಳಿದ್ಮೇಲೆ ಮುಗೀತು."

ಎಂಟನೇ ದಿನ ಬೆಳಗಿನ ಜಾವ ಅವಳು ಬಚ್ಚಲುಮನೆಯಲ್ಲಿ ತಲೆ ಸುತ್ತಿ ಬಿದ್ದಳು. ಸಕ್ಕರೆ ಪಾತಾಳಕ್ಕಿಳಿದಿತ್ತು, ತಲೆಗೆ ಪೆಟ್ಟು ಬಿದ್ದಿತ್ತು. ದೊಡ್ಡ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದು ತೀರಿಹೋದಳು. ಎಷ್ಟು ಮಾತ್ರೆ ಎಂದು ಅಲ್ಲಿಯವರು ಕೇಳಿದಾಗ ಗಂಡ, ಯಾವತ್ತಿನ ಹಾಗೇ ಎರಡು ಎಂದ. ಎಲ್ಲರೂ ಹಣೆಬರಹ ಎಂದರು.

ಸುದ್ದಿ ಕೇಳಿ ಡಾಕ್ಟರು ತಾವೇ ಓಣಿ ಸುತ್ತಿ ಕಿಟಕಿಗೆ ಬಂದರು. ಕಣ್ಣು ತುಂಬಿತ್ತು. "ಅಲ್ಲಯ್ಯಾ, ನಾನು ಕಮ್ಮಿ ಮಾಡಿದ್ನಲ್ಲ?" ಎಂದು ಕೇಳಿದರು. ಕಾಂಪೌಂಡರ್ ಬಾಯಿ ತೆರೆದ. ಮಾತು ಬರಲಿಲ್ಲ. ಅವನ ಮುಖವನ್ನೇ ನೋಡುತ್ತಾ ನಿಂತ ಡಾಕ್ಟರ ಧ್ವನಿ ಇಳಿಯಿತು. "ಮಾಡ್ಲಿಲ್ವಾ? ... ಮರ್ತಿರ್ತೀನಿ." ಹಾಗೆಂದವರೇ ಗೋಡೆ ಹಿಡಿದುಕೊಂಡು ಒಳಗೆ ಹೋದರು. ಆಮೇಲೆ ಅವರು ಹೆಚ್ಚು ದಿನ ಕ್ಲಿನಿಕ್ಕಿಗೆ ಬರಲಿಲ್ಲ. ನಾಲ್ಕು ತಿಂಗಳಲ್ಲಿ ತೀರಿಕೊಂಡರು.

ಬುಧವಾರ ಮಧ್ಯಾಹ್ನ ಕಾಂಪೌಂಡರ್ ಏಣಿ ಹತ್ತಿ ಓಣಿಯ ಸೂರಿನಲ್ಲಿ ತಂತಿ ಎಳೆದ, ಗವಾಕ್ಷಿಯಿಂದ ಔಷಧಿ ಕೋಣೆಗೆ ಇಳಿಸಿದ. ಹಳೆಯ ರೌಟರಿನ ಬೆನ್ನಲ್ಲಿದ್ದ ಸಣ್ಣ ತೂತಿಗೆ ಇಂಜೆಕ್ಷನ್ ಸೂಜಿ ಚುಚ್ಚಿ ಹತ್ತು ಎಣಿಸಿದ. ಅದು ತನ್ನ ಹಿಂದಿನದೆಲ್ಲ ಮರೆತು ಹೊಸದಾಗಿ ಎದ್ದಿತು. ಹಾಗೆ ಮರೆಯುವ ತೂತು ಮನುಷ್ಯನಿಗೆ ದೇವರು ಎಲ್ಲಿಟ್ಟಿದ್ದಾನೋ ಎನ್ನಿಸಿತು. ಅದರ ಹಿಂದೆ ನಾಲ್ಕು ಹಳದಿ ಕಿಂಡಿ, ದೂರದಲ್ಲಿ ಒಂದೇ ಒಂದು ನೀಲಿ ಕಿಂಡಿ. ತಂತಿಯನ್ನು ನೀಲಿಗೆ ಸಿಕ್ಕಿಸಿದ. ಪ್ರಿಂಟರಿಗೆ ರೌಟರಿನ ಬೆನ್ನ ಮೇಲಿದ್ದ ಪಾಸ್‌ವರ್ಡ್ ಕೊಟ್ಟಾಗ ಅದರ ದೀಪ ಮಿಣಮಿಣ ನಿಲ್ಲಿಸಿ ನೆಟ್ಟಗೆ ಉರಿಯಿತು. ಆದರೆ ಆ ಕಡೆ ಕಂಪ್ಯೂಟರ್, ಪ್ರಿಂಟರ್ ಸಿಗುತ್ತಿಲ್ಲ ಎಂದೇ ಹಟ ಹಿಡಿಯಿತು. ಎರಡು ಗಂಟೆ ಬಡಿದಾಡಿದರೂ ಅದೇ ಮಾತು.

"ಆಗ್ತಿಲ್ಲಮ್ಮ" ಎಂದು ಬಂದು ಹೇಳುವಾಗ ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಅದಕ್ಕೇ ನಾಚಿಕೆಯೂ ಆಯಿತು.

"ಹೋಗ್ಲಿ ಬಿಡಿ" ಎಂದಳು. ಮೇಜಿನ ಮೇಲೆ ಬೆರಳಾಡಿಸುತ್ತಾ ಕೇಳಿದಳು: "ಮಾಮ, ಕೊನೇ ವರ್ಷ ಅಪ್ಪ ಸರಿಯಾಗೇ ಬರೀತಿದ್ರಾ? ಮನೇಲಿ ನನ್ನ ಹೆಸರೇ ಮರೆತುಹೋಗ್ತಿತ್ತು ಅವರಿಗೆ. ಇಲ್ಲಿ ಹೇಗೆ ನಡೀತಿತ್ತು?"

"ಚೆನ್ನಾಗೇ ನಡೀತಿತ್ತಮ್ಮ."

"ಸದ್ಯ" ಎಂದು ಅವಳು ಉಸಿರುಬಿಟ್ಟಳು.

ಗುರುವಾರ ಸಂಜೆ ಗಡಿಯಾರದವನು ಬಂದ. ಔಷಧಿಗಲ್ಲ. ಹೆಂಡತಿ ಹೋದಮೇಲೆ ಅಂಗಡಿ ಮುಚ್ಚಿ ನೇರ ಮನೆಗೆ ಹೋಗಲು ಕಾಲು ಬಾರದೆ ದಿನಾ ಆ ಕಿಟಕಿಗೆ ಬಂದು ಅರ್ಧ ಗಂಟೆ ಮೊಣಕೈ ಊರಿ ನಿಲ್ಲುತ್ತಿದ್ದ. ಪ್ರಿಂಟರನ್ನು ಕಂಡು ಹುಬ್ಬು ಹಾರಿಸಿದ.

"ಏನಯ್ಯಾ, ಹೊಸಾ ಹೆಂಡ್ತಿನ ಕೂರಿಸ್ಕೊಂಡಂಗೆ ಕೂರಿಸ್ಕೊಂಡಿದೀಯಾ?"

"ಮಾತಾಡಲ್ಲ ಕಣಯ್ಯ ಅದು."

"ಮಾತಾಡಲ್ವಾ? ಮತ್ತೆ ಬಿಡಬೇಡ, ಇಟ್ಕೋ. ಅಂಥಾದ್ದು ಸಿಗಲ್ಲ." ತಾನೇ ನಕ್ಕ. ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಬಾಯಿ ಹಾಗೇ ತೆರೆದಿತ್ತು. "ನಮ್ಮೋಳು ಮಾತಾಡ್ತಾ ಇದ್ದಾಗ ಯಾವಾಗ ಸುಮ್ನಾಗ್ತಾಳಪ್ಪ ಅಂತಿದ್ದೆ ನೋಡು. ಈಗ ಅಂಗಡೀಲಿ ನಲವತ್ತು ಗಡಿಯಾರ ಟಿಕ್ ಟಿಕ್ ಅಂತವೆ, ಮನೇಗೆ ಹೋದ್ರೆ ಕಿವಿ ಬಣಬಣ. ನಿನ್ನೆ ಒಂದು ಗಡಿಯಾರ ಎತ್ಕೊಂಡು ಹೋದೆ ಮನೇಗೆ."

ಕಾಂಪೌಂಡರ್ ಇಲ್ಲದ ಧೂಳು ಒರೆಸಿದ.

"ಒಂದು ಮಾತು ಹೇಳ್ತೀನಿ ಕೇಳು. ಅವಳು ಅಷ್ಟು ವರ್ಷ ನೆಟ್ಟಗಿದ್ದಿದ್ದು ನಿನ್ನಿಂದ ಕಣಯ್ಯ. ಆ ದೊಡ್ಡ ಡಾಕ್ಟರ ಕೋಳಿಕಾಲು ಯಾರಿಗೆ ಅರ್ಥ ಆಗ್ತಿತ್ತು? ನೀನಿದ್ದೆ, ನಮಗೆ ಧೈರ್ಯ ಇತ್ತು. ಅವಳೂ ಅದನ್ನೇ ಅಂತಿದ್ಲು. 'ಅಣ್ಣ ಒಂದು ಮಾತು ಹೇಳಿದ್ರೆ ಸಾಕು' ಅಂತ."

ಅವನು ಹೋದಮೇಲೆ ಕಾಂಪೌಂಡರ್ ಕಿಟಕಿ ಬಾಗಿಲು ಹಾಕಿದ. ಇನ್ನೂ ಮೂವರು ನಿಂತಿದ್ದರು. ಮತ್ತೆ ತೆರೆದು, ಅವರಿಗೆ ಕೊಟ್ಟು, ಮತ್ತೆ ಹಾಕಿದ.

ಅವನ ಬಾಮೈದನಿಗೆ ಮನೆಮನೆಗೆ ಇಂಟರ್‌ನೆಟ್ ತಂತಿ ಎಳೆಯುವ ಕೆಲಸ. ಬುಧವಾರವೇ ಒಂದು ಫೋನು ಮಾಡಿದ್ದರೆ ಎಲ್ಲ ತಿಳಿಯುತ್ತಿತ್ತು. ಮಾಡಿರಲಿಲ್ಲ. ಅವನನ್ನು ಕೇಳಿದರೆ ಮುಂದಿನ ಆರು ತಿಂಗಳು ಅದನ್ನೇ ಕೇಳಿಸಿಕೊಳ್ಳಬೇಕೆಂದು ತನಗೆ ತಾನೇ ನೆಪ ಹೇಳಿಕೊಂಡಿದ್ದ. ಗುರುವಾರ ಮನೆಗೆ ಬಂದವನು ಚಪ್ಪಲಿ ಬಿಡುವ ಮುಂಚೆ ಸ್ಪೀಕರ್ ಹಾಕಿ ಫೋನು ಮಾಡಿದ.

"ತಂತಿ ಯಾವ ಕಿಂಡಿಗೆ ಹಾಕಿದೀರಿ ಭಾವ?"

"ನೀಲಿಗೆ."

"ಯಾಕೆ?"

"ಅದೊಂದೇ ಬೇರೆ ಬಣ್ಣ ಇತ್ತು."

"ಬಣ್ಣ ನೋಡಿ ಮೋಸ ಹೋಗೋ ವಯಸ್ಸಾ ಭಾವ ನಿಮ್ದು?"

"ವಯಸ್ಸಿದ್ದಾಗ ಹೋಗ್ಲಿಲ್ಲ, ಈಗ್ಲಾದ್ರೂ ಹೋಗ್ಲಿ ಬಿಡೋ" ಎಂದು ಒಳಗಿನಿಂದ ಹೆಂಡತಿ ಕೂಗಿದಳು.

"ನೀಲಿಗೆ ಹಾಕಿದ್ರೆ ಆ ಹಳೇದು ತನ್ನದೇ ಬೇರೆ ಸಂಸಾರ ಹೂಡುತ್ತೆ ಭಾವ. ಪ್ರಿಂಟರ್ ಆ ಮನೇಲಿ, ಕಂಪ್ಯೂಟರ್ ಈ ಮನೇಲಿ. ಒಬ್ಬರ ಮುಖ ಒಬ್ಬರಿಗೆ ಕಾಣಲ್ಲ. ಹಳದಿಗೆ ಹಾಕಿ. ಆದ್ರೆ ಅದಕ್ಕೆ ಮೊದ್ಲು ಹಳೇದರ ಯಜಮಾನಿಕೆ ಕಿತ್ಕೋಬೇಕು. ಯಾರ್ಯಾರಿಗೆ ಯಾವ ನಂಬರು ಅಂತ ಹಂಚೋದು ಹೊಸದರ ಕೆಲ್ಸ. ಹಳೇದೂ ಹಂಚೋಕೆ ಕೂತ್ರೆ ಒಂದು ಮನೆಗೆ ಇಬ್ರು ಯಜಮಾನ್ರು, ದಿನಾ ರಂಪ."

"ಮತ್ತೆ ಹಳೇದು ಏನು ಮಾಡ್ಬೇಕು?"

"ಏನೂ ಮಾಡ್ಬಾರ್ದು. ಅಲ್ಲಿಂದ ಏನು ಬರುತ್ತೋ ಅದನ್ನ ಬಂದ ಹಾಗೇ ಈ ಕಡೆಗೆ ದಾಟಿಸ್ಬೇಕು. ಮಧ್ಯ ತನ್ನ ಬುದ್ಧಿ ಓಡಿಸ್ಬಾರ್ದು, ಅಷ್ಟೇ. ... ಭಾವ? ಇದೀರಾ? ಬರ್ಕೊಂಡ್ರಾ?"

"ಬರ್ಕೊಂಡೆ" ಎಂದ ಕಾಂಪೌಂಡರ್. ಅವನ ಪೆನ್ಸಿಲ್ ಕಾಗದದ ಮೇಲೆ ಒಂದೇ ಕಡೆ ಊರಿ ನಿಂತಿತ್ತು.

ಹೆಂಡತಿ ಬಾಗಿಲಿಗೆ ಬಂದು ನೋಡಿದಳು. "ಏನ್ರೀ, ಹೀಗೆ ಕೂತಿದೀರಿ? ಆ ಯಂತ್ರ ಸರಿಹೋದ್ರೆ ನಿಮ್ಮನ್ನ ಬಿಡಿಸ್ತಾರೆ ಅಂತ ನೀವೇ ಅಂದ್ರಿ. ಮತ್ತೆ ಇಷ್ಟು ಆತುರ ಯಾಕೆ?"

"ಬಿಡಿಸ್ಲಿ ಕಣೇ" ಎಂದ. ಅವಳಿಗೆ ಅರ್ಥವಾಗಲಿಲ್ಲ. ಅವನು ಅರ್ಥ ಮಾಡಿಸಲೂ ಇಲ್ಲ.

ಶುಕ್ರವಾರ ಮಧ್ಯಾಹ್ನದ ಬಿಡುವಿನಲ್ಲಿ ಡಾಕ್ಟರ ಕೋಣೆಯ ನೆಲದ ಮೇಲೆ ಕೂತು, ಹಳೆಯ ರೌಟರನ್ನು ಗಿಡ್ಡ ತಂತಿಯಿಂದ ಕಂಪ್ಯೂಟರಿಗೆ ಕಟ್ಟಿ, ಬಾಮೈದನನ್ನು ಮತ್ತೆ ಕೇಳಿ ಚೀಟಿಯಲ್ಲಿ ಬರೆದುಕೊಂಡಿದ್ದ ಅಂಕಿಗಳನ್ನು ಒಂದೊಂದಾಗಿ ಒತ್ತಿದ. ಅದರ ಪುಟ ತೆರೆಯಿತು. ನಂಬರು ಹಂಚುವ ಅಧಿಕಾರವನ್ನು ಅದರಿಂದ ಕಿತ್ತುಹಾಕಿದ. ಹೊಸ ರೌಟರಿನದರ ಪಕ್ಕದ ನಂಬರೊಂದನ್ನು ಅದಕ್ಕೆ ವಿಳಾಸವಾಗಿ ಕೊಟ್ಟ. ವೈಫೈ ಹೆಸರು, ಪಾಸ್‌ವರ್ಡು ಎರಡೂ ಕಡೆ ಒಂದೇ ಇಟ್ಟ. ಎತ್ತಿಕೊಂಡು ಹೋಗಿ ಔಷಧಿ ಕೋಣೆಯ ಕಪಾಟಿನ ಮೇಲಿಟ್ಟು, ತಂತಿಯನ್ನು ಹಳದಿ ಕಿಂಡಿಗೆ ಒತ್ತಿದಾಗ ಟಕ್ ಎಂದಿತು. ಪ್ರಿಂಟರಿನ ಪುಟ್ಟ ಪರದೆಯಲ್ಲಿ ಬಾಣದ ಗುಂಡಿ ಒತ್ತಿ ಒತ್ತಿ ಹದಿನಾಲ್ಕು ಅಕ್ಷರದ ಪಾಸ್‌ವರ್ಡ್ ತುಂಬಿಸುವಷ್ಟರಲ್ಲಿ ಬೆರಳು ಜೋಮುಹಿಡಿದಿತ್ತು. ಆಚೆ ಕೋಣೆಯಿಂದ ಅವಳು, "ಮಾಮ, ಕಳಿಸ್ತಿದೀನಿ!" ಎಂದು ಕೂಗಿದಳು.

ಪ್ರಿಂಟರ್ ಗಂಟಲು ಸರಿಮಾಡಿಕೊಂಡು ಒಂದು ಹಾಳೆ ಉಗುಳಿತು. 'ಮಾಮ, ಕಾಣಿಸ್ತಿದೆಯಾ?' ಎಂದಿತ್ತು. ಒಂದೊಂದು ಅಕ್ಷರವೂ ಮುತ್ತು ಪೋಣಿಸಿದ ಹಾಗೆ.

ಹಾಳೆ ಹಿಡಿದು ಓಣಿ ಸುತ್ತಿ ಅವಳ ಕೋಣೆಗೆ ಹೋದ. ಅವಳು ಚಿಕ್ಕ ಮಕ್ಕಳಂತೆ ಚಪ್ಪಾಳೆ ತಟ್ಟಿದಳು. "ಗೆದ್ರಿ ಮಾಮ! ಆ ಮೆಕ್ಯಾನಿಕ್ಕಿಗೆ ಹೇಳ್ತೀನಿ ತಾಳಿ." ಅವನು ಕೂರಲಿಲ್ಲ.

"ಮೊನ್ನೆ ನೀವು ಕೇಳಿದ್ದಕ್ಕೆ ಸುಳ್ಳು ಹೇಳ್ದೆ ಅಮ್ಮ" ಎಂದ. ಆಮೇಲೆ ಎಲ್ಲವನ್ನೂ ಹೇಳಿದ. ಗಾಯದ ಕಾಲಿನಿಂದ ಹಿಡಿದು, ಗೋಡೆ ಹಿಡಿದುಕೊಂಡು ಒಳಗೆ ಹೋದ ಡಾಕ್ಟರವರೆಗೆ. ಎಲ್ಲಿಯೂ ತನಗೆ ಅನುಕೂಲವಾಗುವ ಹಾಗೆ ಒಂದು ಪದ ತಿರುಗಿಸಲಿಲ್ಲ.

ಅವಳು ಅಪ್ಪನ ಕುರ್ಚಿಯ ಕೈಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ಹೋಗೋ ಹಿಂದಿನ ವಾರ ನನ್ನ ಕೈ ಹಿಡ್ಕೊಂಡು 'ಒಬ್ಬಳನ್ನ ಕೊಂದುಬಿಟ್ಟೆ ಕಣೇ' ಅಂದ್ರು" ಎಂದಳು ಕೊನೆಗೆ. "ಮರೆವಿನ ಮಾತು ಅಂದ್ಕೊಂಡೆ. ಇಲ್ಲಪ್ಪಾ, ಮಲ್ಕೋ ಅಂದೆ. ಯಾರು ಅಂತ ಕೇಳ್ಳೂ ಇಲ್ಲ ನಾನು."

ಕಾಂಪೌಂಡರ್ ಬಾಗಿಲ ಚೌಕಟ್ಟು ಹಿಡಿದುಕೊಂಡ.

"ಅವತ್ತು ಅವರು ಬರ್ದಿದ್ದು ಸರಿಯಾಗೇ ಕಾಣಿಸ್ತು ನಿಮಗೆ."

"ಕಾಣಿಸ್ತು."

"'ಹೌದು ಸರ್, ನೀವು ಕಮ್ಮಿ ಮಾಡಿದ್ರಿ' ಅಂತ ಒಂದು ಮಾತು ಹೇಳಿದ್ರೆ ಆಗ್ತಿತ್ತು. ಅಪ್ಪನಿಗೆ. ಅಷ್ಟೇ ಒಂದು ಮಾತು."

ಅವಳು ಮಾಮ ಎನ್ನಲಿಲ್ಲ. ಎದ್ದು ಕಿಟಕಿಯ ಕಡೆ ತಿರುಗಿ ನಿಂತಳು. "ಆಕೆಯ ಗಂಡನಿಗೆ ಗೊತ್ತಾಗ್ಬೇಕು. ನಾನು ಹೇಳ್ಲಾ?"

"ನಾಳೆ ಅವನು ಬಿಪಿ ಮಾತ್ರೆಗೆ ಬರೋ ದಿನ. ನಾನೇ ಹೇಳ್ತೀನಿ."

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಪ್ರಿಂಟರ್ ಗಡಿಯಾರದವನ ಚೀಟಿಯನ್ನು ಹೊರಹಾಕಿತು. ಓಣಿ ಸುತ್ತಿ ಬಂದವನು ಕಿಟಕಿಯೊಳಗೆ ಕೈಚಾಚಿ ಚೀಟಿಯನ್ನು ತಾನೇ ಎತ್ತಿಕೊಂಡ. ಗಡಿಯಾರದ ಹೊಟ್ಟೆಯನ್ನು ಭೂತಗನ್ನಡಿಯಲ್ಲಿ ನೋಡುವ ಕಣ್ಣು ಅವನದು, ಚೀಟಿಯನ್ನು ದೂರ ಹಿಡಿದು ಓದಿದ.

"ಬೆಳಿಗ್ಗೆ ಒಂದು, ಊಟ ಆದಮೇಲೆ! ಲೋ, ನಾನೇ ಓದಿಬಿಟ್ನಲ್ಲೋ! ಇನ್ನು ನಿನ್ನ ಕೆಲಸಕ್ಕೆ ಸಂಚಕಾರ ಕಣಯ್ಯ. ಇದು ಮೊದ್ಲೇ ಬಂದಿದ್ರೆ ನಮ್ಮೋಳೂ ಓದ್ತಿದ್ಲು. ನಾಲ್ಕನೇ ಕ್ಲಾಸು ಪಾಸು ಅಂತ ಎಷ್ಟು ಜಂಬ ಅವಳಿಗೆ."

"ಅವಳ ಕೊನೇ ಚೀಟೀನೂ ಓದೋ ಹಾಗೇ ಇತ್ತು" ಎಂದ ಕಾಂಪೌಂಡರ್.

"ಅಂದ್ರೆ?"

"ಡಾಕ್ಟರು ಅವತ್ತು ಅರ್ಧ ಅಂತ ಬರ್ದಿದ್ರು. ಬೆಳಿಗ್ಗೆ ಮಾತ್ರ ಅರ್ಧ. ಅವರು ತಪ್ಪು ಬರ್ದಿದಾರೆ ಅಂದ್ಕೊಂಡು ನಾನು ಎರಡು ಕೊಟ್ಟೆ. ಕಮ್ಮಿ ಮಾಡಿದಾರಂತೆ ಅಂತ ಅವಳು ಕೇಳಿದ್ಲು. ಇಲ್ಲ ಅಂದೆ."

ಗಡಿಯಾರದವನ ಮುಖದಲ್ಲಿ ಮೊದಲಿನ ನಗು ಇನ್ನೂ ಉಳಿದಿತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದವನಂತೆ ನಿಂತಿದ್ದ. ಹಿಂದೆ ಯಾರೋ ಕೆಮ್ಮಿದರು.

"ಅರ್ಧ" ಎಂದ.

"ಅರ್ಧ."

"ನೀನು ಎರಡು."

"ಹೂಂ."

ಕಾಂಪೌಂಡರ್ ಬೈಗುಳಕ್ಕೆ ಕಾದ, ಕಿಟಕಿಯೊಳಗೆ ಒಂದು ಕೈ ಬಂದು ಕಾಲರು ಹಿಡಿಯುವುದಕ್ಕೆ ಕಾದ. ಅದು ಬಂದಿದ್ದರೆ ಚೆನ್ನಾಗಿತ್ತು. ಬರಲಿಲ್ಲ. ಮಾಡಲು ಬೇರೇನೂ ತೋಚದೆ, ಕೈ ತನ್ನ ಅಭ್ಯಾಸದಂತೆ ಡಬ್ಬಿ ತೆರೆದು ಹತ್ತು ಹತ್ತರ ಮೂರು ಪಟ್ಟಿ ಮಾತ್ರೆ ತೆಗೆದು ಕಟ್ಟೆಯ ಮೇಲಿಟ್ಟಿತು.

ಗಡಿಯಾರದವನು ಚೀಟಿಯನ್ನು ಕಟ್ಟೆಯ ಮೇಲೆ ಹರವಿ, ಮುದುರು ಸರಿಮಾಡಿದ. ಒಂದು ಪಟ್ಟಿ ಎತ್ತಿಕೊಂಡು ಅದರ ಹೆಸರನ್ನು ಚೀಟಿಯ ಹೆಸರಿಗೆ ಒಂದೊಂದೇ ಅಕ್ಷರ ತಾಳೆ ನೋಡಿದ. ಎರಡನೆಯದನ್ನೂ ನೋಡಿದ, ಮೂರನೆಯದನ್ನೂ ನೋಡಿದ. ಆಮೇಲೆ ಉಗುರಿನ ತುದಿಯಿಂದ ಮುಟ್ಟಿ ಮುಟ್ಟಿ, ತುಟಿ ಅಲ್ಲಾಡಿಸುತ್ತಾ, ಮೂವತ್ತು ಮಾತ್ರೆಗಳನ್ನೂ ಎಣಿಸಿದ. ಹತ್ತೊಂಬತ್ತರ ಹತ್ತಿರ ಲೆಕ್ಕ ತಪ್ಪಿತೇನೋ, ಮೊದಲಿನಿಂದ ಎಣಿಸಿದ. ಸಾಲಿನಲ್ಲಿದ್ದವರು ಯಾರೂ ಗೊಣಗಲಿಲ್ಲ. ಮೂವತ್ತನಾಲ್ಕು ವರ್ಷದಲ್ಲಿ ಆ ಕಿಟಕಿಯೆದುರು ನಿಂತು ಯಾರೂ ಮಾತ್ರೆ ಎಣಿಸಿರಲಿಲ್ಲ.

ಎಣಿಸಿ ಮುಗಿಸಿ ಮೂರನ್ನೂ ಜೇಬಿಗಿಳಿಸಿದ. ಮೂವತ್ತು ವರ್ಷ ಕಾಂಪೌಂಡರನನ್ನು ನೀನು ಎಂದೇ ಕರೆದವನು, ಗುರುತಿಲ್ಲದ ಅಂಗಡಿಯವನೊಡನೆ ಮಾತಾಡುವ ಹಾಗೆ ತಲೆ ಎತ್ತದೆ ಹೇಳಿದ:

"ಸರಿಯಾಗಿವೆ ಸ್ವಾಮಿ. ಬರ್ತೀನಿ."